ಹಾಡಿಯ ಅಜ್ಜಿಯ ಇನ್ಸುಲಿನ್ ಬಗ್ಗೆ
ಹೆಗ್ಗಡದೇವನಕೋಟೆ ಕಡೆಯ ಹಾಡಿಯ (ಕಾಡಂಚಿನ ಆದಿವಾಸಿ ಊರಿನ) ಅಜ್ಜಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪದೇ ಪದೇ ಇನ್ಸುಲಿನ್ ಸಿಗುತ್ತಿಲ್ಲ, ಮನೆಯಲ್ಲಿ ಫ್ರಿಜ್ ಕೂಡ ಇಲ್ಲ ಎಂದು ಬರೆದಿದ್ದೀರಿ. ನಾನು ಮೈಸೂರು ಜಿಲ್ಲೆಯಲ್ಲೇ ಫಾರ್ಮಸಿಸ್ಟ್ ಆಗಿದ್ದವಳು. ಇಂಡೆಂಟ್, ಅಂದರೆ ಆಸ್ಪತ್ರೆಗೆ ಬೇಕಾದ ಔಷಧಿಗಳ ಬೇಡಿಕೆ ಪಟ್ಟಿ, ಬರೆಯುವಾಗ ನಾವು ನೋಡುತ್ತಿದ್ದುದು ಹಿಂದೆ ಖರ್ಚಾದ ಲೆಕ್ಕವನ್ನು. ಬರಿಗೈಯಲ್ಲಿ ಮರಳಿದವರು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಮುಂದಿನ ಸಲವೂ ಕಡಿಮೆಯೇ ಬರುತ್ತದೆ. ಕಾಡಂಚಿನಿಂದ ನಡೆದು ಬಂದವರಿಗೆ ಇದು ಘೋರ ಅನ್ಯಾಯ. ಅಜ್ಜಿಯ ಹೆಸರು, ತಿಂಗಳಿಗೆ ಬೇಕಾದ ಸೀಸೆಗಳ ಸಂಖ್ಯೆ ಬರೆದು ವೈದ್ಯಾಧಿಕಾರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ, ಚುಚ್ಚುಮದ್ದು ಮಾತ್ರ ತಪ್ಪಿಸಬೇಡಿ.

ಇನ್ನು ಸಂಗ್ರಹ. ಸೀಸೆಯನ್ನು ನೀರು ತಾಗದ ಡಬ್ಬಿಯಲ್ಲಿ ಹಾಕಿ ಸಣ್ಣ ಮಡಕೆಯೊಳಗಿಡಿ. ಅದನ್ನು ದೊಡ್ಡ ಮಡಕೆಯಲ್ಲಿ ಕೂರಿಸಿ, ನಡುವೆ ಒದ್ದೆ ಮರಳು ತುಂಬಿ ನೆರಳಿನಲ್ಲಿಡಿ. ಐಸ್‌ ಮೇಲೆ ಇಡಲೇಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಬಳಸುವಂತಿಲ್ಲ.