ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದವರಿಗೆ ಬಿಇ ಬಾಗಿಲು ತೆರೆದಿದೆಯೇ?

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡನೇ ವರ್ಷ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 51 ಬಂದಿತ್ತು, ಪಿಯು ಸೈನ್ಸ್ ತೆಗೆದುಕೊಳ್ಳಲು ಧೈರ್ಯ ಆಗಲಿಲ್ಲ. ಇಲ್ಲಿ ಮೋಟಾರ್, ಪ್ಯಾನೆಲ್ ಕೆಲಸ ಕಲಿತ ಮೇಲೆ ಎಂಜಿನಿಯರ್ ಆಗಬೇಕೆಂಬ ಆಸೆ ಹುಟ್ಟಿದೆ. ಐಟಿಐ ಮಾಡಿದವರಿಗೆ ಬಿಇ ಬಾಗಿಲು ಮುಚ್ಚಿದೆ ಅಂತ ಗೆಳೆಯರು ಹೇಳುತ್ತಾರೆ. ಅಪ್ಪ ‘ಮೊದಲು ದುಡಿ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಬಾಗಿಲು ಮುಚ್ಚಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಜೊತೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಸೈನ್ಸ್‌ಗೆ ಹೋದವರಿಗೆ ಪಿಯು ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು. ನಿಮಗೆ ಐಟಿಐ ಎರಡು ವರ್ಷ. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ, ನೇರವಾಗಿ ಸೇರಬಹುದು. ಅಲ್ಲಿ ಎರಡು ವರ್ಷ. ಮುಂದೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಬಿಇಗೂ ಎರಡನೇ ವರ್ಷಕ್ಕೇ ಪ್ರವೇಶ, ಅಲ್ಲಿ ಮೂರು ವರ್ಷ. ಒಟ್ಟು ಏಳು. ಬರೀ ಒಂದು ವರ್ಷ ಜಾಸ್ತಿ ಅಲ್ವಾ? ಇನ್ನೊಂದು ವಿಷಯ. ಪಿಯುನಿಂದ ಹೋದವರು ಬಿಇ ಅರ್ಧಕ್ಕೆ ಬಿಟ್ಟರೆ ಕೈಯಲ್ಲಿ ಕೆಲಸ ಕೊಡಿಸುವ ಸರ್ಟಿಫಿಕೇಟ್ ಇರುವುದಿಲ್ಲ. ನಿಮಗೆ ಪ್ರತಿ ಮೆಟ್ಟಿಲಲ್ಲೂ ಒಂದು ಇರುತ್ತದೆ.

ಲ್ಯಾಟರಲ್ ಎಂಟ್ರಿಗೆ ತಾಂತ್ರಿಕ ಶಿಕ್ಷಣ ಇಲಾಖೆ ಪ್ರತಿ ವರ್ಷ ಪ್ರಕಟಣೆ ಹೊರಡಿಸುತ್ತದೆ. ನಿಮ್ಮ ಟ್ರೇಡ್‌ಗೆ ಹೊಂದುವ ಬ್ರಾಂಚ್ ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್. ಡಿಸಿಇಟಿ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅದಕ್ಕೆ ಡಿಪ್ಲೊಮಾದಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಮೀಸಲು ವರ್ಗದವರಿಗೆ ಶೇ 40 ಅಂಕ ಬೇಕು. ಈ ಪ್ರಕಟಣೆಗಳ ಮೇಲೆ ನೀವೇ ಕಣ್ಣಿಟ್ಟಿರಿ. ಕಾಲೇಜಿನವರು ಹೇಳುತ್ತಾರೆ ಅಂತ ಕಾದು ಕೂತು ದಿನಾಂಕ ತಪ್ಪಿಸಿಕೊಂಡ ಹುಡುಗರನ್ನು ಕಂಡಿದ್ದೇನೆ.

ಸೀಟು ಸಿಗುವುದು ದೊಡ್ಡ ಕಷ್ಟವಲ್ಲ. ಕಷ್ಟ ಇರುವುದು ಗಣಿತದಲ್ಲಿ. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವಾಗ ನಾನು ಪ್ರತಿ ವರ್ಷ ನೋಡುತ್ತಿದ್ದದ್ದು ಇದನ್ನೇ. ಐಟಿಐನಿಂದ ಬಂದ ಹುಡುಗರು ಲ್ಯಾಬ್‌ನಲ್ಲಿ ರಾಜರು. ಸ್ಟಾರ್-ಡೆಲ್ಟಾ ಸ್ಟಾರ್ಟರ್ ವೈರಿಂಗ್ ಮಾಡು ಅಂದರೆ ಡ್ರಾಯಿಂಗ್ ಕೂಡ ನೋಡದೆ ಕಾಂಟ್ಯಾಕ್ಟರ್, ಟೈಮರ್ ಜೋಡಿಸಿ ಮೋಟಾರ್ ಓಡಿಸುತ್ತಿದ್ದರು. ಸ್ಟಾರ್‌ನಲ್ಲಿ ಶುರು ಮಾಡಿದರೆ ಲೈನ್ ಕರೆಂಟ್ ಮೂರನೇ ಒಂದು ಭಾಗಕ್ಕೆ ಯಾಕೆ ಇಳಿಯುತ್ತದೆ ಅಂತ ಕೇಳಿದರೆ ಮಾತ್ರ ತಲೆ ತಗ್ಗಿಸುತ್ತಿದ್ದರು. ಪಿಯು ಸೈನ್ಸ್‌ನಿಂದ ಬಂದವರು ಆ ಲೆಕ್ಕವನ್ನು ಹಲಗೆ ಮೇಲೆ ಸರಸರ ಬರೆಯುತ್ತಿದ್ದರು. ಸ್ಕ್ರೂಡ್ರೈವರ್ ಹಿಡಿಯುವಾಗ ಮಾತ್ರ ಅವರ ಕೈ ನಡುಗುತ್ತಿತ್ತು.

ಟ್ರಾನ್ಸ್‌ಫಾರ್ಮರ್ ಸೂತ್ರವನ್ನೇ ತೆಗೆದುಕೊಳ್ಳಿ. 4.44 ಅನ್ನುವ ಅಂಕಿಯನ್ನು ನೀವು ಬಾಯಿಪಾಠ ಮಾಡಿರುತ್ತೀರಿ. ಅದು ಎಲ್ಲಿಂದ ಬಂತು? ಫ್ಲಕ್ಸ್, ಅಂದರೆ ಕಾಂತೀಯ ಹರಿವು, ಸೊನ್ನೆಯಿಂದ ಗರಿಷ್ಠಕ್ಕೆ ಏರಲು ಕಾಲು ಸೈಕಲ್ ಸಾಕು. ಆದ್ದರಿಂದ ತಂತಿಯ ಒಂದು ಸುತ್ತಿನಲ್ಲಿ ಬರುವ ಸರಾಸರಿ ವೋಲ್ಟೇಜ್ ಅಂದರೆ ಫ್ರೀಕ್ವೆನ್ಸಿಯನ್ನು ಗರಿಷ್ಠ ಫ್ಲಕ್ಸ್‌ನಿಂದ ಗುಣಿಸಿ, ಅದರ ನಾಲ್ಕು ಪಟ್ಟು. ಸೈನ್ ವೇವ್‌ನ ಫಾರ್ಮ್ ಫ್ಯಾಕ್ಟರ್, ಅಂದರೆ ಪರಿಣಾಮಕಾರಿ (ಆರ್‌ಎಂಎಸ್) ಬೆಲೆಗೂ ಸರಾಸರಿಗೂ ಇರುವ ಅನುಪಾತ, 1.11. ನಾಲ್ಕನ್ನು 1.11ರಿಂದ ಗುಣಿಸಿ, 4.44 ಬಂತು. ಡಿಪ್ಲೊಮಾದಲ್ಲಿ ಕೇಳುವುದು ಈ ‘ಯಾಕೆ’ಯನ್ನು. ನೀವು ಟ್ರಾನ್ಸ್‌ಫಾರ್ಮರ್ ಬಿಚ್ಚಿ ನೋಡಿದವರು. ಅರ್ಥವಾದರೆ ಬೇರೆಯವರಿಗಿಂತ ಗಟ್ಟಿಯಾಗಿ ಅರ್ಥವಾಗುತ್ತದೆ.

ಹಾಗಾಗಿ ಈ ವರ್ಷವೇ ದಿನಕ್ಕೆ ಒಂದು ಗಂಟೆ ಗಣಿತಕ್ಕೆ ಇಡಿ. ಮೊದಲು ಹತ್ತನೇ ತರಗತಿಯ ಬೀಜಗಣಿತ, ತ್ರಿಕೋನಮಿತಿ ಇನ್ನೊಮ್ಮೆ ಮಾಡಿ. ನಂತರ ಮೊದಲ ವರ್ಷದ ಡಿಪ್ಲೊಮಾದವರ ಗಣಿತ ಪುಸ್ತಕ ಯಾರದ್ದಾದರೂ ಇಸಕೊಂಡು ಮ್ಯಾಟ್ರಿಕ್ಸ್, ಡೆರಿವೇಟಿವ್, ಇಂಟಿಗ್ರೇಷನ್ ಶುರು ಮಾಡಿ. ಲ್ಯಾಟರಲ್ ಎಂಟ್ರಿಯಲ್ಲಿ ನೀವು ಬಿಟ್ಟು ಹೋಗುವುದು ಆ ಮೊದಲ ವರ್ಷವನ್ನೇ. ಬಿಇಗೆ ಹೋದಾಗಲೂ ಇದೇ ಕಥೆ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನ 2018ರ ಸ್ಕೀಮ್‌ನಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಅಂತಲೇ ಹೆಚ್ಚುವರಿ ಗಣಿತದ ಪೇಪರ್ ಇಟ್ಟಿದ್ದರು. ಇಂಗ್ಲಿಷ್ ಬಗ್ಗೆ ಅಷ್ಟು ಹೆದರಬೇಡಿ. ತಾಂತ್ರಿಕ ಪದಗಳು ನಿಮಗೆ ಆಗಲೇ ಗೊತ್ತು.

ಅಪ್ಪನ ಮಾತನ್ನೂ ತಳ್ಳಿಹಾಕಬೇಡಿ. ಮನೆಯಲ್ಲಿ ಈಗಲೇ ಹಣ ಬೇಕಿದ್ದರೆ ಒಂದು ವರ್ಷ ಅಪ್ರೆಂಟಿಸ್ ಮಾಡಿ, ಆಮೇಲೆ ಡಿಪ್ಲೊಮಾಕ್ಕೆ ಸೇರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಿಗುತ್ತದೆ. ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್ ಕೊಡುತ್ತಾರೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ನನ್ನನ್ನು ಕೇಳಿದರೆ, ಮನೆ ಹೇಗೋ ನಡೆಯುತ್ತದೆ ಅನ್ನುವಂತಿದ್ದರೆ ನೇರ ಡಿಪ್ಲೊಮಾಕ್ಕೇ ಹೋಗಿ. ಒಮ್ಮೆ ಸಂಬಳ ಬರಲು ಶುರುವಾದರೆ ಮತ್ತೆ ಬೆಂಚಿನ ಮೇಲೆ ಕೂರುವುದು ಕಷ್ಟ.

ಡಿಪ್ಲೊಮಾ ಮುಗಿಸಿದರೆ ವಿದ್ಯುತ್ ಸಾಗಿಸುವ ಕೆಪಿಟಿಸಿಎಲ್ ಮತ್ತು ಅದನ್ನು ಮನೆಮನೆಗೆ ಹಂಚುವ ಎಸ್ಕಾಂಗಳ ಕಿರಿಯ ಎಂಜಿನಿಯರ್ ಹುದ್ದೆಗೆ ಅರ್ಹರಾಗುತ್ತೀರಿ. ಸಹಾಯಕ ಎಂಜಿನಿಯರ್ ಆಗಲು ಬಿಇ ಬೇಕು. ಆದರೆ ಎಷ್ಟೇ ಓದಿದರೂ ಐಟಿಐ ಸರ್ಟಿಫಿಕೇಟ್ ಜೋಪಾನ. ಕೆಲವು ತಾಂತ್ರಿಕ ಹುದ್ದೆಗಳಿಗೆ ಐಟಿಐಯನ್ನೇ ಕೇಳುತ್ತಾರೆ. ಅಲ್ಲಿ ಡಿಪ್ಲೊಮಾ ತೋರಿಸಿದರೆ ನಡೆಯುವುದಿಲ್ಲ.

ಪ್ರಶ್ನೆ: ಮಗಳು ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದ್ದಾಳೆ. ‘ಹೆಣ್ಣುಮಗಳು ಕಂಬ ಹತ್ತುತ್ತಾಳಾ?’ ಎಂದು ನೆಂಟರು ಆಡಿಕೊಳ್ಳುತ್ತಾರೆ. ಡಿಪ್ಲೊಮಾ ಓದಿಸುವಷ್ಟು ಅನುಕೂಲವೂ ಇಲ್ಲ. – ಗದಗದ ತಾಯಿಯೊಬ್ಬರು

ಉತ್ತರ: ಅಮ್ಮಾ, ಈ ವಿದ್ಯೆಯಲ್ಲಿ ಕಂಬ ಹತ್ತುವುದು ಒಂದು ಸಣ್ಣ ಭಾಗ ಅಷ್ಟೆ. ಪ್ಯಾನೆಲ್ ಜೋಡಣೆ, ಟೆಸ್ಟಿಂಗ್, ಕಾರ್ಖಾನೆ ಮೆಂಟೆನೆನ್ಸ್, ಸೋಲಾರ್ ಹೀಗೆ ಕೆಲಸ ಹಲವು ಬಗೆ. ಹಣದ ವಿಷಯಕ್ಕೆ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನದ ಹೆಸರು ಬರೆದಿಟ್ಟುಕೊಳ್ಳಿ. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಿದ ಹೆಣ್ಣುಮಕ್ಕಳಿಗೆ ಅದು ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷ ಮೀರಿರಬಾರದು. ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿದವರೂ ಅರ್ಜಿ ಹಾಕಬಹುದು. ಆಯ್ಕೆ ಅಂಕದ ಮೇಲೆ.

ಪಾಠ ಹೇಳುವುದು ಅವಳಿಗೆ ಇಷ್ಟವಿದ್ದರೆ ಇನ್ನೊಂದು ದಾರಿ ಇದೆ. ಐಟಿಐ ಬೋಧಕರಾಗಲು ಒಂದು ವರ್ಷದ ಸಿಐಟಿಎಸ್ ಕೋರ್ಸ್ ಇದೆ. ಬೆಂಗಳೂರಿನ ಎನ್‌ಎಸ್‌ಟಿಐಯಂಥ ಕೇಂದ್ರ ಸರ್ಕಾರಿ ಸಂಸ್ಥೆಗಳಲ್ಲಿ ಅದನ್ನು ಕಲಿಸುತ್ತಾರೆ. ಎಲೆಕ್ಟ್ರಿಷಿಯನ್ ವರ್ಕ್‌ಶಾಪ್‌ನಲ್ಲಿ ಒಬ್ಬ ಮೇಡಂ ನಿಂತು ಪಾಠ ಮಾಡಿದರೆ, ಆ ಊರಿನ ಎಷ್ಟು ಹೆಣ್ಣುಮಕ್ಕಳು ಧೈರ್ಯವಾಗಿ ಈ ಟ್ರೇಡ್ ಸೇರಬಹುದು, ಯೋಚಿಸಿ.

ಪ್ರಶ್ನೆ: ವಯಸ್ಸು 33, ಊರು ದಾವಣಗೆರೆ. ಐಟಿಐ ಮುಗಿಸಿ ಹನ್ನೆರಡು ವರ್ಷದಿಂದ ಮನೆ ವೈರಿಂಗ್ ಮಾಡುತ್ತಿದ್ದೇನೆ. ಇಬ್ಬರು ಮಕ್ಕಳು. ಡಿಗ್ರಿ ಇಲ್ಲದ ಕೊರಗು ಇದೆ. ಈಗ ಓದಬಹುದೇ?

ಉತ್ತರ: ಓದಬಹುದು. ಅದಕ್ಕೂ ಮೊದಲು ನಾನು ಕೇಳುವುದು, ನಿಮ್ಮ ಹತ್ತಿರ ವೈರ್‌ಮನ್ ಪರ್ಮಿಟ್ ಇದೆಯೇ? ಹನ್ನೆರಡು ವರ್ಷದ ಕಸುಬು ಕೈಯಲ್ಲಿದ್ದೂ ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರ್ ಹೆಸರಿನಲ್ಲೇ ದುಡಿಯುವವರು ಬಹಳ ಮಂದಿ. ಬೆವರು ಇವರದು, ಸಹಿ ಇನ್ನೊಬ್ಬರದು. ಅದು ನನಗೆ ತುಂಬ ಬೇಸರ ತರುತ್ತದೆ. ವಿದ್ಯುತ್ ಪರಿವೀಕ್ಷಣಾ ಇಲಾಖೆ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಾಂಟ್ರ್ಯಾಕ್ಟರ್ ಲೈಸೆನ್ಸ್ ಎಂದು ಮೂರು ಹಂತದಲ್ಲಿ ಕೊಡುತ್ತದೆ. ನಿಮ್ಮ ಐಟಿಐ ಸರ್ಟಿಫಿಕೇಟ್, ಅನುಭವದ ಕಾಗದಗಳನ್ನು ಹಿಡಿದು ಇಲಾಖೆಯ ಹತ್ತಿರದ ಕಚೇರಿಗೆ ಹೋಗಿ. ಏಜೆಂಟರ ಕೈಗೆ ದುಡ್ಡು ಕೊಡಬೇಡಿ, ನೀವೇ ಕೇಳಿ.

ಬಿಕಾಂನಂಥ ಡಿಗ್ರಿಗೆ ಮೊದಲು ಪಿಯುಗೆ ಸಮನಾದ ಪಾಸು ಬೇಕು. ಅದನ್ನು ಎನ್‌ಐಒಎಸ್ ಎಂಬ ಕೇಂದ್ರದ ಮುಕ್ತ ಶಾಲೆಯ ಮೂಲಕ ಮನೆಯಲ್ಲೇ ಓದಿ ಮುಗಿಸಬಹುದು. ಐಟಿಐ ಕಲಿಕೆಗೆ ಅವರು ಕ್ರೆಡಿಟ್ ಕೊಡುವುದರಿಂದ ಎಲ್ಲ ವಿಷಯಗಳನ್ನೂ ಬರೆಯಬೇಕಿಲ್ಲ. ಬಳಿಕ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಕಾಂ ಮಾಡಿದರೂ ಕಾಂಟ್ರ್ಯಾಕ್ಟ್ ವ್ಯವಹಾರಕ್ಕೆ ಉಪಯೋಗವಿದೆ.

ಮತ್ತೆ, ಮನೆ ವೈರಿಂಗ್ ಗೊತ್ತಿರುವ ನಿಮಗೆ ಚಾವಣಿ ಸೋಲಾರ್ ಕಲಿಯಲು ಬಹಳ ದಿನ ಬೇಡ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ. 3 ಕಿಲೋವಾಟ್‌ನ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಅರ್ತಿಂಗ್, ಡಿಸಿ ಕೇಬಲ್, ಇನ್ವರ್ಟರ್ ಜೋಡಣೆ ಸರಿಯಾಗಿ ಬಲ್ಲವರನ್ನು ಜನ ಹುಡುಕಿಕೊಂಡು ಬರುತ್ತಾರೆ. ಮೊದಲು ಪರ್ಮಿಟ್, ಜೊತೆಗೆ ಸೋಲಾರ್, ಬಿಡುವಾದಂತೆ ಎನ್‌ಐಒಎಸ್. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಕ್ರಮದಲ್ಲೇ ಹೋಗುತ್ತಿದ್ದೆ.