ಮೀಟರ್ ನೋಡಬೇಡಿ, ಪೆಡಲ್ ನೋಡಿ

ಪ್ರಶ್ನೆ: ಮಗಳು ಕಾಲೇಜು ಸೇರಿದ್ದಾಳೆ. ಓಡಾಡಲು ಒಂದು ಹಳೇ ಕಾರು ಕೊಡಿಸೋಣ ಅಂತ ಎರಡು ನೋಡಿಟ್ಟಿದ್ದೇವೆ. ಬೆಲೆ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಹತ್ತು ವರ್ಷದ ಸಣ್ಣ ಕಾರು, 90,000 ಕಿ.ಮೀ. ಓಡಿದೆ, ಒಬ್ಬರ ಕೈಯಲ್ಲೇ ಇತ್ತು, ಸರ್ವಿಸ್ ರಸೀದಿಗಳೆಲ್ಲ ಇವೆ. ಎರಡನೆಯದು ದುಬಾರಿ ಕಂಪನಿಯ ದೊಡ್ಡ ಕಾರು, ಆರು ವರ್ಷ ಹಳೆಯದು, ಮೀಟರಿನಲ್ಲಿ ಬರೀ 35,000, ಆದರೆ ರಸೀದಿ ಒಂದೂ ಇಲ್ಲ. ಮಗಳ ಕಣ್ಣು ಎರಡನೆಯದರ ಮೇಲೆ. ಯಾವುದು ಒಳ್ಳೆಯದು?

ಉತ್ತರ: ಮಗಳು ಎರಡು ದಿನ ಮುಖ ಊದಿಸಿಕೊಂಡರೂ ಪರವಾಗಿಲ್ಲ, ಮೊದಲನೆಯದೇ ಇರಲಿ. ದುಬಾರಿ ಕಾರು ಹಳೆಯದಾದರೆ ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯೋದಿಲ್ಲ. ಒಂದು ಹೆಡ್‌ಲೈಟ್ ಒಡೆದಾಗ ಗೊತ್ತಾಗುತ್ತೆ.

ಆ 35,000 ನನಗೆ ಅನುಮಾನ. ಬಾಗಿಲು ತೆಗೆದು ಬ್ರೇಕ್ ಪೆಡಲ್ಲಿನ ರಬ್ಬರ್ ನೋಡಿ. ಗೆರೆಗಳು ಸವೆದು ನುಣ್ಣಗಾಗಿದೆ, ಸ್ಟೀರಿಂಗ್ ಮಿರಮಿರ ಹೊಳೆಯುತ್ತಿದೆ, ಓಡಿಸುವವರ ಸೀಟಿನ ಅಂಚು ಕುಸಿದಿದೆ ಅಂದರೆ ಗಾಡಿ ತುಂಬಾ ಓಡಿದೆ, ಮೀಟರ್ ಏನೇ ಹೇಳಲಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಅಷ್ಟು ಕಡಿಮೆ ಓಡಿದ ಕಾರಿನಲ್ಲಿ ಟೈರು ತೀರಾ ಹೊಸದಾಗಿದ್ದರೆ ಯಾಕೆ ಬದಲಾಯಿಸಿದಿರಿ ಅಂತ ಕೇಳಲೇಬೇಕು.

ಇನ್ನು ಸಣ್ಣ ಕಾರು. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬರ್ತೀವಿ ಅಂತ ಹೇಳಿ ವಾಪಸ್ ಬನ್ನಿ. ಬಿಸಿ ಎಂಜಿನ್ ಎಷ್ಟೋ ರೋಗ ಮುಚ್ಚಿಡುತ್ತದೆ. ನಾನೇ ಒಮ್ಮೆ ನಾಚಿಕೆಗೆ ಸುಮ್ನಿದ್ದು ಮೋಸ ಹೋಗಿದ್ದೇನೆ, ಮಾರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದೆಲ್ಲಾ ನೀಲಿ ಹೊಗೆ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಂತ. ಶುರುವಿನಲ್ಲಿ ತುಸು ಬಿಳಿ ಆವಿ ಬಂದು ನಿಂತರೆ ಚಿಂತೆಯಿಲ್ಲ, ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಲೇ ಇದ್ದರೆ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಒಳಗೆ ಸೋರುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ತಳ ನೋಡಿ, ಹಾಲಿನ ಕೆನೆಯ ಹಾಗೆ ಮೆತ್ತಿಕೊಂಡಿದ್ದರೆ ಅದೂ ಅನುಮಾನದ ಗುರುತೇ.

ಕೀ ತಿರುಗಿಸಿದಾಗ ಎಂಜಿನ್ ಮತ್ತು ಏರ್‌ಬ್ಯಾಗ್ ದೀಪ ಹತ್ತಬೇಕು, ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಖುಷಿಪಡಬೇಡಿ, ದೋಷ ಕಾಣಬಾರದು ಅಂತ ಯಾರೋ ದೀಪವನ್ನೇ ಕಿತ್ತಿರಬಹುದು.

90,000 ಅಂದಿರಿ ಅಲ್ವಾ, ಎಂಜಿನ್ ಒಳಗಿನ ಪಿಸ್ಟನ್, ವಾಲ್ವುಗಳ ಓಟವನ್ನು ಒಂದಕ್ಕೊಂದು ಹೊಂದಿಸಲು ಅದರಲ್ಲಿ ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ಕೇಳಿ. ಬೆಲ್ಟ್ ಇರುವ ಬಹಳಷ್ಟು ಕಾರುಗಳಲ್ಲಿ 1,00,000 ಕಿ.ಮೀ. ಆಸುಪಾಸಿಗೆ ಅದನ್ನು ಬದಲಾಯಿಸಬೇಕು. ಓಡುವಾಗ ಹರಿದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಅಲ್ಲಿಗೆ ಕಥೆ ಮುಗೀತು. ಬದಲಾಯಿಸಿದ ರಸೀದಿ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ, ಕೊನೆಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಿನಲ್ಲಿ ಮುಳುಗಿರಬಹುದು. ಚಾಸಿ ನಂಬರ್ ಕಾಗದದಲ್ಲಿರುವುದಕ್ಕೆ ತಾಳೆ ಆಗಬೇಕು, ಸಾಲ ಬಾಕಿ ಇರಬಾರದು. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಇಲ್ಲದ್ದು ಬೇಡವೇ ಬೇಡ, ಹೊಸದಾಗಿ ಓಡಿಸುವ ಹುಡುಗಿ. ಕೊನೆಗೆ ನಿಮ್ಮದೇ ಮೆಕ್ಯಾನಿಕ್‌ಗೆ ತೋರಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಕೈಯಲ್ಲಿರೋ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. ಹಳೇ ಕಾರು ಬಂದ ಮೊದಲ ತಿಂಗಳಲ್ಲೇ ಬ್ಯಾಟರಿ, ಬ್ರೇಕ್ ಪ್ಯಾಡ್, ಆಯಿಲ್ ಅಂತ ಏನಾದರೂ ಕೇಳುತ್ತದೆ. ಹಾಂ, ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್ ಇದೆಯಾ ನೋಡಿ. ಕಾರು ಮನೆಗೆ ಬಂದ ದಿನವೇ ಒಂದು ಚಕ್ರ ಮಗಳ ಕೈಯಲ್ಲೇ ಬಿಚ್ಚಿಸಿ, ಮತ್ತೆ ಹಾಕಿಸಿ.