ಹಾಲು ಬಿಡಿಸಿದ ಮೇಲೆ ಕೆಚ್ಚಲಿನೊಳಗೆ ಏನಾಗುತ್ತೆ?

ಪ್ರಶ್ನೆ: ಡಾಕ್ಟರ್ ಸರ್, ನಮಸ್ಕಾರ. ನಮ್ಮದು ಮೂಲ ಇಂಡಿ ಕಡೆ. ಈಗ ಪುಣೆಯ ಮಾಂಜರಿಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಆಕಳು ಕಟ್ಟಿದ್ದೇವೆ. ಅದರಲ್ಲಿ ಒಂದಕ್ಕೆ ಇದು ಎರಡನೇ ಸೂಲು. ಮತ್ತೆ ಗಬ್ಬ ಆಗಿ ಮೊನ್ನೆ ಏಳು ತಿಂಗಳು ತುಂಬಿತು. ಈಗಲೂ ದಿನಕ್ಕೆ 9 ಲೀಟರ್ ಕೊಡುತ್ತಿದೆ. ಈಯೋ ಮುಂಚೆ ಎರಡು ತಿಂಗಳು ಹಾಲು ಬಿಡಿಸಬೇಕು, ಅಂದರೆ ಕರೆಯೋದು ನಿಲ್ಲಿಸಬೇಕು ಅಂತಾರೆ. ಪಕ್ಕದವರು ‘ಬರೋ ಹಾಲು ಯಾಕೆ ಬಿಡ್ತೀರಿ, ಈಯೋ ತನಕ ಕರೀರಿ’ ಅಂತಾರೆ. ಭಾಕಡ (ಹಾಲು ಬತ್ತಿದ) ಆಕಳಿಗೆ ಸುಮ್ನೆ ಮೇವು ಹಾಕೋದು ದಂಡ ಅಲ್ವಾ?

ಉತ್ತರ: ನಮಸ್ಕಾರ. ನಿಮ್ಮ ಲೆಕ್ಕ ನನಗೆ ಗೊತ್ತಾಗುತ್ತದೆ. 60 ದಿನಕ್ಕೆ ಹೆಚ್ಚುಕಡಿಮೆ 500 ಲೀಟರ್ ಹಾಲು ಕಣ್ಣೆದುರೇ ಬಿಟ್ಟ ಹಾಗೆ ಅನ್ನಿಸುತ್ತದೆ. ಆದರೂ ಬಿಡಿಸಿ. ತಯಾರಿ ಇವತ್ತೇ ಶುರು ಮಾಡಿ.

ಭಾಕಡ ಅನ್ನೋ ಮರಾಠಿ ಮಾತನ್ನು ಇಲ್ಲಿಗೆ ಬಂದ ಮೇಲೆ ನಾವೆಲ್ಲ ಕಲಿತಿದ್ದೇವೆ. ನನಗೆ ಅದು ಹಿಡಿಸುವುದಿಲ್ಲ. ಆಕಳು ಕೆಲಸವಿಲ್ಲದೆ ನಿಂತಿದೆ ಅನ್ನೋ ಧಾಟಿ ಅದರಲ್ಲಿದೆ. ಕೆಚ್ಚಲಿನೊಳಗೆ ನಡೆಯುವುದೇ ಬೇರೆ.

ಕೆಚ್ಚಲು ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳ ಗೊಂಚಲು. ಪ್ರತಿ ಚೀಲದ ಒಳಗೋಡೆಯಲ್ಲಿ ಒಂದೇ ಸಾಲು ಕೋಶಗಳು. ಹಾಲು ಮಾಡುವುದು ಅವೇ. ಈದು ಒಂದೂವರೆ ಎರಡು ತಿಂಗಳಿಗೆ ಹಾಲು ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ ಅಲ್ವಾ? ಆ ಕೋಶಗಳು ದಿನಾ ಒಂದಷ್ಟು ಸಾಯುತ್ತಾ ಹೋಗುವುದೇ ಅದಕ್ಕೆ ಮುಖ್ಯ ಕಾರಣ. ಉಳಿದವೂ ಹಳತಾಗಿರುತ್ತವೆ.

ಕರೆಯುವುದು ನಿಲ್ಲಿಸಿದ ಎರಡು ಮೂರು ದಿನ ಕೆಚ್ಚಲು ಬಿಗಿದುಕೊಂಡಿರುತ್ತದೆ. ಕೈ ಇಟ್ಟರೆ ಗಾಳಿ ತುಂಬಿದ ಚೆಂಡಿನ ಹಾಗೆ. ನೋಡಿದವರಿಗೆ ಗಾಬರಿ ಆಗುತ್ತದೆ, ಆದರೆ ಈ ಬಿಗಿತವೇ ಕೋಶಗಳಿಗೆ ‘ಸಾಕು’ ಅನ್ನೋ ಸೂಚನೆ. ಹಾಲು ಮಾಡುವುದು ನಿಲ್ಲುತ್ತದೆ. ಒಳಗಿನ ಹಾಲು ನಿಧಾನಕ್ಕೆ ಮೈಗೇ ಹಿಂದಿರುಗುತ್ತದೆ. ಚೀಲಗಳು ಕುಗ್ಗಿ, ಕೆಚ್ಚಲಿನ ಚರ್ಮ ಸುಕ್ಕುಗಟ್ಟಿ ಜೋತುಬೀಳುತ್ತದೆ. ಇದೆಲ್ಲ ಮುಗಿಯಲು ಮೂರು ವಾರದಿಂದ ಒಂದು ತಿಂಗಳು ಬೇಕು.

ಇಲ್ಲಿ ಒಂದು ಚೆಂದದ ವಿಷಯ ಇದೆ. ಇಲಿ ಮರಿಗಳಿಗೆ ಹಾಲು ಬಿಡಿಸಿದರೆ ತಾಯಿ ಇಲಿಯ ಹಾಲಿನ ಚೀಲಗಳು ಹೆಚ್ಚುಕಡಿಮೆ ಪೂರ್ತಿ ಕುಸಿದುಹೋಗುತ್ತವೆ. ಗಬ್ಬದ ಆಕಳಲ್ಲಿ ಹಾಗಲ್ಲ. ಚೀಲಗಳ ಚೌಕಟ್ಟು ನಿಂತೇ ಇರುತ್ತದೆ, ಒಳಗಿನ ಹಳೆ ಕೋಶಗಳು ಹೋಗಿ ಹೊಸವು ಹುಟ್ಟುತ್ತವೆ. ಗೋಡೆ ಹಾಗೇ ಇಟ್ಟು ಹೆಂಚು ಬದಲಾಯಿಸಿದ ಹಾಗೆ. 1997ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಹಂತದ ಗಬ್ಬದ ಆಕಳುಗಳನ್ನು ಹೋಲಿಸಿ ನೋಡಿದರು. ಹಾಲು ಬಿಡಿಸಿದವುಗಳಲ್ಲಿ ಹೊಸ ಕೋಶ ಹುಟ್ಟುವುದು ಜಾಸ್ತಿ ಇತ್ತು, ಕರೆಯುತ್ತಲೇ ಇದ್ದವುಗಳಲ್ಲಿ ಕಡಿಮೆ.

‘ವಿಶ್ರಾಂತಿ ಯಾಕೆ, ಮೇವು ಜಾಸ್ತಿ ಹಾಕಿದರೆ ಸಾಲದಾ’ ಅಂತ ನೀವು ಕೇಳಬಹುದು. ಅದಕ್ಕೂ 1960ರ ದಶಕದಲ್ಲೇ ಉತ್ತರ ಸಿಕ್ಕಿದೆ. ಒಂದೇ ಆಕಳಿನ ಎರಡು ತೊಟ್ಟು ಕರೆಯುವುದು ನಿಲ್ಲಿಸಿ, ಇನ್ನೆರಡನ್ನು ಈಯುವ ತನಕ ಕರೆದರು. ಮೇವು ಒಂದೇ, ರಕ್ತ ಒಂದೇ. ಮುಂದಿನ ಸೂಲಿನಲ್ಲಿ ಕರೆದ ಭಾಗ ಕಡಿಮೆ ಹಾಲು ಕೊಟ್ಟಿತು. ಅಂದರೆ ವಿಶ್ರಾಂತಿ ಬೇಕಿರುವುದು ಕೆಚ್ಚಲಿಗೇ. ನಿಮ್ಮ ಪಕ್ಕದವರಿಗೆ ಇದೊಂದನ್ನು ಹೇಳಿ.

ನಮ್ಮ ನಾಟಿ ತಳಿ ಖಿಲಾರಿ ಆಕಳಿಗೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ, ಅದು ತಾನಾಗಿ ಬತ್ತುತ್ತಿತ್ತು. ಕ್ರಾಸ್ ಆಕಳು ತಾನಾಗಿ ನಿಲ್ಲಿಸುವುದು ಕಷ್ಟ. ನಾವೇ ನಿಲ್ಲಿಸಬೇಕು.

ಒಂದು ವಾರ ಪಶು ಆಹಾರ ಇಳಿಸಿ, ಒಣ ಮೇವು ಕೊಡಿ. ನೀರು ಮಾತ್ರ ಕಡಿಮೆ ಮಾಡಬೇಡಿ. ಕೊನೆಯ ಸಲ ಪೂರ್ತಿ ಕರೆದು, ತೊಟ್ಟು ಒರೆಸಿ ನಿಲ್ಲಿಸಿಬಿಡಿ. ತೊಟ್ಟಿಗೆ ಔಷಧಿ ಬಿಡಬೇಕಾ ಅನ್ನೋದನ್ನು ನಿಮ್ಮ ಪಶುವೈದ್ಯರು ಹಾಲು ಪರೀಕ್ಷಿಸಿ ಹೇಳಲಿ. ಆಮೇಲೆ ‘ಬತ್ತಿದೆಯಾ ನೋಡೋಣ’ ಅಂತ ತೊಟ್ಟು ಹಿಂಡಬೇಡಿ. ತೊಟ್ಟಿನ ತೂತಿನಲ್ಲಿ ಮೇಣದಂಥ ಬಿರಡೆ ಕೂತಿರುತ್ತದೆ. ಹಿಂಡಿದರೆ ಅದು ಕಿತ್ತುಬರುತ್ತದೆ, ಕೆಚ್ಚಲು ಬಾವು ರೋಗಕ್ಕೆ ಬಾಗಿಲು ತೆರೆದ ಹಾಗೆ. ಬಿಡಿಸಿದ ಮೊದಲ ಎರಡು ವಾರ ಮತ್ತು ಈಯುವ ಮುಂಚಿನ ಎರಡು ವಾರ ಈ ಅಪಾಯ ಜಾಸ್ತಿ. ಆ ದಿನಗಳಲ್ಲಿ ಮಲಗುವ ಜಾಗ ಒಣಗಿರಲಿ.

ಕೊನೆಯ ಕೆಲವು ವಾರ ಕೆಚ್ಚಲು ಮತ್ತೆ ತುಂಬುತ್ತದೆ. ತಾಯಿಯ ರಕ್ತದಿಂದ ರೋಗ ತಡೆಯುವ ಅಂಶ ಗಿಣ್ಣಿಗೆ ಇಳಿಯುವುದು ಆಗಲೇ. ಈಯುವ ತನಕ ಕರೆದರೆ ಕರುವಿಗೆ ಸಿಗುವ ಗಿಣ್ಣು ತೆಳು.

ಇನ್ನೊಂದು, ಮಾಂಜರಿಯ ಏಪ್ರಿಲ್, ಮೇ ಬಿಸಿಲು. ಹಾಲು ಕೊಡುವ ಆಕಳಿಗೆ ಫ್ಯಾನು, ಬತ್ತಿದ್ದಕ್ಕೆ ತಗಡಿನ ಕೊನೆಯ ಮೂಲೆ. ಇದನ್ನು ಎಷ್ಟೋ ಕೊಟ್ಟಿಗೆಗಳಲ್ಲಿ ನೋಡಿದ್ದೇನೆ. ಸೆಕೆಯಲ್ಲಿ ಬೆಂದ ಕೆಚ್ಚಲಿನಲ್ಲಿ ಹೊಸ ಕೋಶ ಕಡಿಮೆ ಹುಟ್ಟುತ್ತವೆ, ಮುಂದಿನ ಇಡೀ ಸೂಲು ಹಾಲು ಕಡಿಮೆ ಆಗುತ್ತದೆ. ಆ ಆಕಳನ್ನೂ ಫ್ಯಾನಿನ ಕೆಳಗೇ ಕಟ್ಟಿ.